ಲಾಮಾ ಕ್ಯಾಂಪಿಗೆ ಜಮೀನು ಸಿಕ್ಕಿತು, ಮುಳುಗಡೆಯ ನಮಗೆ ಯಾಕಿಲ್ಲ?

ಪ್ರಶ್ನೆ: ನಾನು ಶಿವಮೊಗ್ಗ ತಾಲೂಕಿನ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನ ಊರಿನವನು. ನಮ್ಮಜ್ಜ ಶರಾವತಿ ಮುಳುಗಡೆಯಲ್ಲಿ ಮನೆ, ಗದ್ದೆ, ಅಡಿಕೆ ತೋಟ ಕಳಕೊಂಡು ಇಲ್ಲಿಗೆ ಬಂದವರು. ಅರವತ್ತು ವರ್ಷ ಆಯಿತು, ನಮಗೆ ಹಕ್ಕುಪತ್ರ ಇಲ್ಲ. ಹೋದ ತಿಂಗಳು ಗೆಳೆಯರ ಜೊತೆ ಮುಂಡಗೋಡಿನ ಟಿಬೆಟನ್ ಕ್ಯಾಂಪ್ ನೋಡಲು ಹೋಗಿದ್ದೆ. ಒಳ್ಳೆಯ ರಸ್ತೆ, ಶಾಲೆ, ಆಸ್ಪತ್ರೆ, ದೊಡ್ಡ ದೊಡ್ಡ ಮಠಗಳು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಹೊರದೇಶದಿಂದ ಬಂದವರಿಗೆ ಸಾವಿರಾರು ಎಕರೆ ಕೊಟ್ಟ ಸರ್ಕಾರಕ್ಕೆ ನಮಗೆ ಮೂರ್ನಾಲ್ಕು ಎಕರೆಯ ಕಾಗದ ಕೊಡಲು ಯಾಕೆ ಆಗಲಿಲ್ಲ? ಆ ಜಮೀನು ಅವರದ್ದೇನಾ? ಅವರಿಗೆ ಓಟು ಇದೆಯಾ?

ಉತ್ತರ: ನಿಮ್ಮ ಹೊಟ್ಟೆಯುರಿ ನನಗೆ ಹೊಸದಲ್ಲ. ಶಿವಮೊಗ್ಗದಲ್ಲಿ ಭೂಮಿ ವ್ಯಾಜ್ಯ ನಡೆಸುವ ವಕೀಲ ನಾನು. ಮುಳುಗಡೆ ಕಡತ ಹಿಡಿದು ಬರುವವರಲ್ಲಿ ಹತ್ತರಲ್ಲಿ ನಾಲ್ಕು ಜನ ಇದೇ ಮಾತು ಆಡುತ್ತಾರೆ. ಕೆಲವರು ಮುಂಡಗೋಡು ಅನ್ನುತ್ತಾರೆ, ಕೆಲವರು ಬೈಲಕುಪ್ಪೆ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಿಮ್ಮ ಎರಡನೇ ಪ್ರಶ್ನೆ ಮೊದಲು. ಆ ಜಮೀನು ಅವರದ್ದಲ್ಲ. ಸರ್ಕಾರದ್ದು. ಗುತ್ತಿಗೆ ಮೇಲೆ ಇದ್ದಾರೆ. ಮಾರುವ ಹಾಗಿಲ್ಲ. ನೀವು ನೋಡಿದ ಮೆಕ್ಕೆಜೋಳದ ಹೊಲ ಮೂರು ತಲೆಮಾರಿನಿಂದ ಒಂದೇ ಮನೆಯವರು ಉಳುತ್ತಾ ಬಂದಿದ್ದರೂ ಅದರ ಒಡೆತನ ಆ ಮನೆಯವರದ್ದಲ್ಲ. ನಿಮ್ಮ ಹತ್ತಿರ ಹಕ್ಕುಪತ್ರ ಇಲ್ಲ ಅಂತೀರಿ. ಅವರ ಹತ್ತಿರವೂ ಇಲ್ಲ. ಹಾಗಾದರೆ ಅವರು ನೆಮ್ಮದಿಯಾಗಿ ಕಾಣುವುದು, ನೀವು ಫಾರೆಸ್ಟ್‌ನವರ ಜೀಪಿನ ಸದ್ದಿಗೆ ಬೆಚ್ಚುವುದು ಯಾಕೆ? ನಿಜವಾದ ಪ್ರಶ್ನೆ ಅದು.

ಹಿಂದಿನ ಕಥೆ ಸ್ವಲ್ಪ ಬೇಕು. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಚೀನಾ ವಿರುದ್ಧ ಜನ ದಂಗೆ ಎದ್ದರು. ಒಂದು ವಾರದೊಳಗೆ ದಲೈ ಲಾಮಾ ಊರು ಬಿಟ್ಟರು. ಮಾರ್ಚ್ 31ಕ್ಕೆ ಈಗಿನ ಅರುಣಾಚಲ ಪ್ರದೇಶದ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ನೆಹರೂ ಸರ್ಕಾರಕ್ಕೆ ಇದು ಬಿಸಿ ತುಪ್ಪ. 1954ರ ಪಂಚಶೀಲ ಒಪ್ಪಂದದಲ್ಲಿ ಟಿಬೆಟ್ ಚೀನಾದ ಭಾಗ ಅಂತ ನಾವೇ ಒಪ್ಪಿ ಸಹಿ ಹಾಕಿದ್ದೆವು. ಬಂದವರನ್ನು ವಾಪಸ್ ಕಳಿಸಿದರೆ ಪಾಪ, ದೊಡ್ಡದಾಗಿ ಬರಮಾಡಿಕೊಂಡರೆ ಚೀನಾದ ಜೊತೆ ಜಗಳ. ಆಗ ಸರ್ಕಾರ ಹಿಡಿದ ದಾರಿ ಏನೆಂದರೆ, ಜಾಗ ಕೊಡುತ್ತೇವೆ, ಹೊಟ್ಟೆಗೆ ಕೊಡುತ್ತೇವೆ, ಶಾಲೆ ಕೊಡುತ್ತೇವೆ, ಆದರೆ ನಿಮ್ಮ ಸರ್ಕಾರವನ್ನು ಸರ್ಕಾರ ಅಂತ ಒಪ್ಪುವುದಿಲ್ಲ. ಅರವತ್ತೈದು ವರ್ಷವಾದರೂ ದಿಲ್ಲಿ ಈ ಮಾತಿನಿಂದ ಹೆಚ್ಚು ಆಚೀಚೆ ಹೋಗಿಲ್ಲ.

ಮೊದಲಿಗೆ ಅಸ್ಸಾಮಿನ ಮಿಸ್ಸಾಮರಿ, ಬಂಗಾಳದ ಬಕ್ಸಾ ಅನ್ನುವ ಕಡೆ ತಾತ್ಕಾಲಿಕ ಕ್ಯಾಂಪ್ ಹಾಕಿದರು. ಆಚಾರ್ಯ ಕೃಪಲಾನಿ ಅವರ ಮುಂದಾಳತ್ವದಲ್ಲಿ ಒಂದು ಪರಿಹಾರ ಸಮಿತಿ ನಿಂತಿತು. ಆಮೇಲೆ ಎಷ್ಟೋ ಜನರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಿದರು. ಕುಲು, ಚಂಬಾ, ಸಿಕ್ಕಿಂ ಕಡೆ ಕಲ್ಲು ಒಡೆದು ರಸ್ತೆ ಮಾಡಿದವರಲ್ಲಿ ಅವರೂ ಇದ್ದರು. ಇದು ಹೀಗೇ ನಡೆದರೆ ಜನಾಂಗವೇ ಚದುರಿ ಹೋಗುತ್ತದೆ ಅನ್ನುವ ಭಯ ದಲೈ ಲಾಮಾ ಅವರಿಗೆ. ನೆಹರೂ ರಾಜ್ಯಗಳಿಗೆ ಪತ್ರ ಬರೆದರು, ಜಾಗ ಇದ್ದರೆ ಕೊಡಿ ಅಂತ. ಮುಂದೆ ಬಂದವರಲ್ಲಿ ನಮ್ಮ ಆಗಿನ ಮೈಸೂರು ರಾಜ್ಯ ದೊಡ್ಡ ಕೈಯದು. 1960ರಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲಿ ಸುಮಾರು 4,000 ಎಕರೆ. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು, ಹುಣಸೂರು ಹತ್ತಿರ ಒಂದು, ಕೊಳ್ಳೇಗಾಲದ ಕಡೆ ಒಂದು. ಒಟ್ಟು ಐದು. ದೇಶದಲ್ಲಿ ಟಿಬೆಟನ್ನರು ಅತಿ ಹೆಚ್ಚು ಇರುವುದು ದಲೈ ಲಾಮಾ ನೆಲೆಸಿರುವ ಧರ್ಮಶಾಲೆ ಊರಿನ ಹಿಮಾಚಲದಲ್ಲಲ್ಲ, ನಮ್ಮ ರಾಜ್ಯದಲ್ಲಿ. ದಲೈ ಲಾಮಾ ಅವರು ಇಲ್ಲಿಗೆ ಬಂದಾಗಲೆಲ್ಲ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ ಹೆಸರು ತೆಗೆದು ನೆನೆಸಿಕೊಳ್ಳುತ್ತಿದ್ದರು.

ಈಗ ಆ ಇಸವಿಗಳನ್ನು ಇನ್ನೊಂದು ಸಲ ನೋಡಿ. 1960, 1966. ಇವೆರಡರ ನಡುವೆ ಏನಿದೆ? 1964. ಲಿಂಗನಮಕ್ಕಿ, ನಿಮ್ಮಜ್ಜನ ಊರು ಮುಳುಗಿಸಿದ ಶರಾವತಿಯ ಅಣೆಕಟ್ಟು. ಅದೇ ರಾಜ್ಯ ಸರ್ಕಾರ, ಅದೇ ಕಂದಾಯ ಇಲಾಖೆ, ಅದೇ ಅರಣ್ಯ ಇಲಾಖೆ. ಒಂದು ಕಡೆ ಹಿಮದ ನಾಡಿನಿಂದ ಬಂದವರನ್ನು ಕಾಡು ಕಡಿಸಿ ಕೂರಿಸಿತು. ಇನ್ನೊಂದು ಕಡೆ ನಿಮ್ಮಜ್ಜನಂಥವರನ್ನು ಲಾರಿಗೆ ಹತ್ತಿಸಿ ಕಾಡಿನಲ್ಲಿ ಇಳಿಸಿತು. ಎರಡೂ ಕಾಡೇ. ಮಾಡಿದ ರೀತಿ ಮಾತ್ರ ಬೇರೆ.

ಟಿಬೆಟನ್ನರ ವಿಷಯದಲ್ಲಿ ಏನು ಮಾಡಿದರು ಅಂದರೆ, ಊರನ್ನು ಊರಾಗಿಯೇ ಕಟ್ಟಿದರು. ಇಲ್ಲಿಂದ ಇಲ್ಲಿವರೆಗೆ ಅಂತ ಗಡಿ ಹಾಕಿದ ಜಾಗ. ಮನೆಯಲ್ಲಿ ಎಷ್ಟು ಜನ ಅಂತ ನೋಡಿ ಸಾಗುವಳಿಗೆ ಭೂಮಿ. ಕ್ಯಾಂಪಿಗೊಂದು ನಂಬರು, ಉಳಲು ಟ್ರ್ಯಾಕ್ಟರು, ಬೆಳೆ ಮಾರಲು ಸಹಕಾರ ಸಂಘ, ಮಕ್ಕಳಿಗೆ ಶಾಲೆ. ಟಿಬೆಟನ್ ಶಾಲೆಗಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಒಂದು ಪ್ರತ್ಯೇಕ ಆಡಳಿತ ಸಂಸ್ಥೆ ಮಾಡಿತು. ಭೂಮಿ ರಾಜ್ಯದ್ದು, ಪುನರ್ವಸತಿಯ ದುಡ್ಡು ಬಹುಪಾಲು ಕೇಂದ್ರದ್ದು, ಅದರ ಮೇಲೆ ಹೊರದೇಶದ ನೆರವು. ಇದೆಲ್ಲ ಒಂದಕ್ಕೊಂದು ಜೋಡಿಸಲು ಒಂದು ಕೈ ಬೇಕಲ್ಲ? ಮೈರಾಡ ಹೆಸರು ಕೇಳಿದ್ದೀರಾ? ನಮ್ಮ ಕಡೆ ಮಹಿಳಾ ಸ್ವಸಹಾಯ ಸಂಘ ಅಂದರೆ ಆ ಹೆಸರು ಹೇಳುವವರಿದ್ದಾರೆ. ಅದು ಹುಟ್ಟಿದ್ದು 1968ರಲ್ಲಿ, ಟಿಬೆಟನ್ನರ ಪುನರ್ವಸತಿಗೆ ಸರ್ಕಾರದ ಜೊತೆ ನಿಲ್ಲಲು. ಸಂಘ, ಉಳಿತಾಯ ಎಲ್ಲ ಆಮೇಲಿನ ಮಾತು.

ಹಾಗಂತ ಅವರಿಗೆ ಎಲ್ಲ ಸುಖವಾಗಿ ಸಿಕ್ಕಿತು ಅಂದುಕೊಳ್ಳಬೇಡಿ. ಯಾಕ್ ಮೇಯಿಸಿಕೊಂಡು, ಬಾರ್ಲಿ ಬೆಳೆದುಕೊಂಡು ಎತ್ತರದ ಚಳಿಯಲ್ಲಿ ಇದ್ದವರು ಮೈಸೂರಿನ ಸೆಕೆಗೆ ಬಂದು ಬಿದ್ದರು. ಬಿದಿರಿನ ಗುಡಿಸಲು, ಟೆಂಟು. ಹಗಲು ಮರ ಕಡಿಯುವುದು, ರಾತ್ರಿ ಆನೆ ಓಡಿಸುವುದು. ರೋಗಕ್ಕೆ, ಸೆಕೆಗೆ ಸತ್ತವರು ತುಂಬ ಜನ. ಆನೆ ಕಾಟ ನಿಮಗೆ ನಾನು ಹೇಳಬೇಕಾಗಿಲ್ಲ, ಶೆಟ್ಟಿಹಳ್ಳಿ ಕಡೆಯವರು ನೀವು. ಇವತ್ತಿಗೂ ಮಳೆ ನಂಬಿದ ಆ ಬೇಸಾಯದಿಂದ ಮನೆ ಸಾಗುವುದಿಲ್ಲ. ಚಳಿಗಾಲ ಬಂತೆಂದರೆ ಊರೂರು ತಿರುಗಿ ಸ್ವೆಟರ್ ಮಾರುತ್ತಾರಲ್ಲ, ಅದು ಶೋಕಿಗಲ್ಲ.

ಇನ್ನು ಓಟಿನ ಪ್ರಶ್ನೆ. ಇಲ್ಲಿ ಉತ್ತರ ಹೌದೂ ಹೌದು, ಅಲ್ಲವೂ ಹೌದು.

ಭಾರತದಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾನೂನು ಇಲ್ಲ. ಕೇಳಿದವರು ನಂಬುವುದಿಲ್ಲ, ಆದರೆ ಇಲ್ಲ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಟಿಬೆಟನ್ ಅಂದರೆ ಒಬ್ಬ ವಿದೇಶಿ. ಬಹಳ ಕಾಲ 1946ರ ವಿದೇಶಿಯರ ಕಾಯ್ದೆ ಅವರ ಮೇಲೆ ನಡೆಯಿತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಅವರ ಕೈಯಲ್ಲಿರುವುದು ಆರ್‌ಸಿ. ನಮಗೆ ಆರ್‌ಸಿ ಅಂದರೆ ಬೈಕಿನ ಕಾಗದ. ಅವರಿಗೆ ಅದು ಈ ನೆಲದ ಮೇಲೆ ಇರಲು ಇರುವ ನೋಂದಣಿ ಪುಸ್ತಕ. ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಇಲ್ಲ, ಐಸಿ ಅನ್ನುವ ಹಳದಿ ಪುಸ್ತಕ. ವಿಮಾನ ನಿಲ್ದಾಣದಲ್ಲಿ ಅದನ್ನು ಕೈಗೆ ತಗೊಂಡ ಅಧಿಕಾರಿ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ ಅಂತ ನನ್ನ ಕಕ್ಷಿದಾರರೊಬ್ಬರು ನಗುತ್ತಾ ಹೇಳಿದ್ದರು. ನಗು ಸುಮ್ನೆ, ಹೊಟ್ಟೆಯೊಳಗೆ ಭಯ.

ಆದರೆ ನಮ್ಮ 1955ರ ಪೌರತ್ವ ಕಾಯ್ದೆಯಲ್ಲಿ ಒಂದು ಬಾಗಿಲಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಅಂದರೆ 1975ರಲ್ಲಿ ಮುಂಡಗೋಡಿನಲ್ಲಿ ಹುಟ್ಟಿದ ಟಿಬೆಟನ್ ಮಗು ನಿಮ್ಮ ಅಪ್ಪನಷ್ಟೇ ಭಾರತೀಯ. ಕಾನೂನು ಇಷ್ಟು ನೇರ ಇದ್ದರೂ ಪಾಸ್‌ಪೋರ್ಟ್ ಕಚೇರಿಗಳು ಒಪ್ಪುತ್ತಿರಲಿಲ್ಲ. 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದ ಮೇಲೆ ದಾರಿ ತೆರೆಯಿತು. 2014ರಲ್ಲಿ ಚುನಾವಣಾ ಆಯೋಗವೂ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತ ಸೂಚನೆ ಕೊಟ್ಟಿತು. 1987ರ ಆಚೆ ಹುಟ್ಟಿದವರ ಕಥೆ ಬೇರೆ. ಅವರಿಗೆ ಅಪ್ಪನೋ ಅಮ್ಮನೋ ಭಾರತೀಯರಾಗಿರಬೇಕು. ಆಮೇಲೆ ಇನ್ನೂ ಬಿಗಿಯಾಯಿತು. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕನಿಗೆ ಓಟು ಇರಬಹುದು, ತಮ್ಮನಿಗೆ ಇಲ್ಲದಿರಬಹುದು. 2019ರ ಪೌರತ್ವ ತಿದ್ದುಪಡಿಯಲ್ಲಿ ಬೌದ್ಧರ ಹೆಸರು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ. ಟಿಬೆಟ್ ಆ ಪಟ್ಟಿಯಲ್ಲಿ ಇಲ್ಲ.

ಹಕ್ಕಿದ್ದರೂ ಎಷ್ಟೋ ಜನ ಪೌರತ್ವ ತಗೊಳ್ಳುವುದಿಲ್ಲ, ಇದು ಇನ್ನೊಂದು ವಿಚಿತ್ರ. ಒಂದು ಕಾರಣ ಮನಸ್ಸಿನದು. ನಾವೆಲ್ಲ ಭಾರತೀಯರಾಗಿಬಿಟ್ಟರೆ ಟಿಬೆಟ್ ಬೇಕು ಅಂತ ಕೇಳುವವರು ಯಾರು ಅನ್ನುತ್ತಾರೆ. ಇನ್ನೊಂದು ಕಾರಣ ಲೆಕ್ಕಾಚಾರದ್ದು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದಾಗ ಸರ್ಕಾರ ಷರತ್ತು ಹಾಕಿತು. ಆರ್‌ಸಿ ವಾಪಸ್ ಕೊಡಿ, ನಿರಾಶ್ರಿತರ ಸೌಲಭ್ಯ ಬಿಡಿ, ಕ್ಯಾಂಪಿನಿಂದ ಹೊರಗೆ ಹೋಗಿ. ಅಂದರೆ ಆ ಷರತ್ತಿನ ಪ್ರಕಾರ ಪ್ರಜೆಯಾದ ದಿನ ಮನೆ ಹೋಗುತ್ತದೆ. ಅರವತ್ತು ದಾಟಿದ ಅಪ್ಪ ಅಮ್ಮನ ಜೊತೆ ಕ್ಯಾಂಪ್ ನಂಬರ್ ಮೂರರಲ್ಲಿ ಇರುವವನು ಏನು ಮಾಡಬೇಕು ಹೇಳಿ.

ಈಗ ನಿಮ್ಮ ಸಂಕಟಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲ ಗಂಟು ಇರುವುದು 1980ರಲ್ಲಿ.

ಆ ವರ್ಷ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೆ ಮುಂಚೆ ಕಾಡನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೆ ರಾಜ್ಯ ಸರ್ಕಾರ ತಾನೇ ಆದೇಶ ಮಾಡಬಹುದಿತ್ತು. ಬೈಲಕುಪ್ಪೆ, ಮುಂಡಗೋಡು ಆದದ್ದು ಹಾಗೆ. 1980ರ ನಂತರ ಕೇಂದ್ರದ ಒಪ್ಪಿಗೆ ಇಲ್ಲದೆ ಒಂದು ಗುಂಟೆಯನ್ನೂ ಬಿಡುವ ಹಾಗಿಲ್ಲ. ಟಿಬೆಟನ್ನರ ಕಡತ ಮೊದಲ ದಿನದಿಂದಲೇ ದಿಲ್ಲಿಯ ಮೇಜಿನ ಮೇಲೆ ಇತ್ತು. ಹೊರದೇಶದ ವಿಷಯ, ಕಾಗದ ಸರಿ ಇರಲೇಬೇಕು. ನಿಮ್ಮಜ್ಜನ ಕಡತ ಇದ್ದದ್ದು ತಾಲೂಕು ಕಚೇರಿಯ ಕಪಾಟಿನಲ್ಲಿ. ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ, ಶಿವಮೊಗ್ಗ ತಾಲೂಕುಗಳ ಕಾಡಿನಲ್ಲಿ ಇಳಿಸಿದರು, ಇಲ್ಲಿ ಉಳುಮೆ ಮಾಡಿಕೊಳ್ಳಿ ಅಂದರು. ಆದರೆ ಎಷ್ಟೋ ಕಡೆ ಆ ಜಾಗ ಕಾಡಿನ ದಾಖಲೆಯಿಂದ ಪೂರ್ತಿ ಹೊರಗೆ ಬರಲೇ ಇಲ್ಲ. ಒಂದು ಅಧಿಸೂಚನೆಯ ಕೆಲಸ. 1964ರಲ್ಲಿ ಆಗಬಹುದಿತ್ತು, 70ರಲ್ಲಿ ಆಗಬಹುದಿತ್ತು, 79ರಲ್ಲೂ ಆಗಬಹುದಿತ್ತು. ಹದಿನಾರು ವರ್ಷ ಸಮಯ ಇತ್ತು. ಕೂತರು. 80ರಲ್ಲಿ ಬಾಗಿಲು ಮುಚ್ಚಿತು. ನಿಮ್ಮ ಕಡೆಗೆ ಇನ್ನೊಂದು ಪೆಟ್ಟು ಬಿತ್ತು, 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಸರ್ಕಾರವೇ ತಂದು ಇಳಿಸಿದ ಜನ ಹತ್ತು ವರ್ಷದಲ್ಲಿ ಅಭಯಾರಣ್ಯದ ಒಳಗಿನವರಾದರು.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಜನ ಸಿಹಿ ಹಂಚಿದ್ದು ನೆನಪಿದೆ. ನನಗೂ ಆಸೆ ಹುಟ್ಟಿತ್ತು. ಓದಿ ನೋಡಿದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. 1964ರಲ್ಲಿ ಬಂದವರು 75 ವರ್ಷ ಎಲ್ಲಿಂದ ತರುವುದು? ಅದಕ್ಕೆ ಮುಂಚಿನ ವಾಸದ ಸಾಕ್ಷಿ ಇದೆ ಸ್ವಾಮಿ, ಲಿಂಗನಮಕ್ಕಿ ನೀರಿನ ಕೆಳಗಿದೆ. ಒಂದು ಕಚೇರಿಯಲ್ಲಿ, ಯಾವುದು ಅಂತ ಬೇಡ, ಒಬ್ಬ ಅಜ್ಜನ ಅರ್ಜಿಯನ್ನು ಇದೇ ಕಾರಣ ಬರೆದು ತಳ್ಳಿಹಾಕಿದ್ದರು. ಅಜ್ಜ ನನ್ನ ಮುಂದೆ ಕೂತು ಕೇಳಿದರು, 'ನಾವು ನಮ್ಮಷ್ಟಕ್ಕೆ ಬಂದ್ವಾ? ಅವರೇ ಅಲ್ವಾ ಕರ್ಕೊಂಡು ಬಂದಿದ್ದು?' ಆ ಪ್ರಶ್ನೆಗೆ ಉತ್ತರ ಕೊಡುವ ಕಾಲಂ ಅರ್ಜಿಯಲ್ಲಿ ಇರಲಿಲ್ಲ.

ಶರಾವತಿಯಿಂದ 1,035 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಕೇಂದ್ರ ಎದ್ದಿತು, ಬೆಂಗಳೂರು ಬೆಳಗಿತು. ನಿಮ್ಮೂರಿನ ಕಡೆ ಕರೆಂಟಿನ ಕಂಬಕ್ಕೂ ಫಾರೆಸ್ಟ್ ಒಪ್ಪಿಗೆಗೆ ಕಾಯಬೇಕಾಯಿತು. ತುಮರಿ ಕಡೆಯವರು ಹಿನ್ನೀರು ದಾಟಲು ದಶಕಗಟ್ಟಲೆ ಲಾಂಚಿಗೆ ಕಾದು ಕೂತರು. ಸಿಗಂದೂರು ಸೇತುವೆ ಆದದ್ದು 2025ರ ಜುಲೈಯಲ್ಲಿ.

ಹಾಗಾದರೆ ಇದು ಟಿಬೆಟನ್ನರ ತಪ್ಪಾ? ನಿಮಗೂ ಗೊತ್ತು, ಅಲ್ಲ. ಅವರಿಗೆ ಕೊಟ್ಟ ಎಕರೆ ನಿಮ್ಮಿಂದ ಕಿತ್ತುಕೊಂಡದ್ದಲ್ಲ. ನಾನು ಕಂಡ ಹಾಗೆ, ಅವರಿಗೆ ನೆಲೆ ಸಿಕ್ಕಿತು, ಹಕ್ಕು ಸಿಗಲಿಲ್ಲ. ನಿಮಗೆ ಓಟು, ರೇಷನ್ ಕಾರ್ಡು, ಪಂಚಾಯಿತಿ ಸದಸ್ಯತನದ ತನಕ ಎಲ್ಲ ಹಕ್ಕು ಇದೆ, ನೆಲೆ ಇಲ್ಲ. ಓಟಿಲ್ಲದವರಿಗೆ ಆದ ಕೆಲಸ ಓಟಿರುವವರಿಗೆ ಆಗಲಿಲ್ಲ ಅನ್ನುವುದು ನಮ್ಮ ಮಲೆನಾಡಿನ ರಾಜಕಾರಣದ ಬಗ್ಗೆ ಏನೋ ಹೇಳುತ್ತದೆ. ಪ್ರತಿ ಚುನಾವಣೆಗೆ ಮುಳುಗಡೆ ಸಂತ್ರಸ್ತರ ಹೆಸರು ವೇದಿಕೆ ಮೇಲೆ ಬರುತ್ತದೆ, ಪಾದಯಾತ್ರೆ ಆಗುತ್ತದೆ, ಆಮೇಲೆ ಮಳೆಗಾಲ ಶುರುವಾಗುತ್ತದೆ.

ಅವರಂತೆ ಆಗಬೇಕು ಅನ್ನುವ ಮುಂಚೆ ಮೂರನೆಯ ಗುಂಪೊಂದನ್ನು ನೋಡಿ. ಅದೇ 1964ರ ಅಕ್ಟೋಬರ್‌ನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಶ್ರೀಲಂಕಾದ (ಆಗಿನ ಸಿಲೋನ್) ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. ಸಿಲೋನಿನ ಟೀ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರಲ್ಲಿ 5,25,000 ಜನರನ್ನು ಭಾರತ ವಾಪಸ್ ಕರೆಸಿಕೊಳ್ಳುವುದು ಅಂತ. ಹಾಗೆ ಬಂದವರಲ್ಲಿ ಕೆಲವರನ್ನು ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಸೇರಿಸಿದರು. ಅವರು ನಿರಾಶ್ರಿತರಲ್ಲ, ಪೌರತ್ವ ಪಡೆದು ಬಂದವರು. ಆದರೆ ಭೂಮಿ ಇಲ್ಲ, ತೋಟದ ಲೈನ್ ಮನೆ. ಕೆಲಸ ಇರುವ ತನಕ ಮನೆ. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ರಾಜ್ಯ ಮೂರು ಥರದ ಊರಿಲ್ಲದವರನ್ನು ಮೂರು ಥರ ಕಂಡಿತು. ಮೊದಲೇ ಹೇಳಿದೆನಲ್ಲ, ಕಾನೂನು ಇಲ್ಲ ಅಂತ. ಕಾನೂನು ಇಲ್ಲದ ಕಡೆ ಎಲ್ಲ ನಡೆಯುವುದು ಆ ಹೊತ್ತಿನ ಪತ್ರದ ಮೇಲೆ, ಆ ಕುರ್ಚಿಯಲ್ಲಿ ಕೂತವರ ಮನಸ್ಸಿನ ಮೇಲೆ.

ಟಿಬೆಟನ್ನರಿಗೂ ಇದರ ಬಿಸಿ ತಟ್ಟಿತ್ತು. ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ, ಒಂದು ಕಡೆ ರೇಷನ್ ಇದೆ, ಇನ್ನೊಂದು ಕಡೆ ಇಲ್ಲ. ಅದಕ್ಕೇ 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ಅಂತ ಒಂದು ಮಾಡಿತು. ರಾಜ್ಯಗಳು 20 ವರ್ಷದ ಗುತ್ತಿಗೆ ಪತ್ರ ಬರೆದುಕೊಡಲಿ, ಉದ್ಯೋಗ ಖಾತರಿ, ಪಡಿತರದಂಥ ಯೋಜನೆಗಳನ್ನು ಅವರಿಗೂ ಕೊಡಲಿ ಅನ್ನುವುದು ಅದರ ತಿರುಳು. ಐವತ್ತನಾಲ್ಕು ವರ್ಷ ಕಾದ ಮೇಲೆ ಬಂದದ್ದು ಇದು. ನೀತಿ ಅಂದರೆ ಕಾಯ್ದೆಯಲ್ಲ, ನೆನಪಿರಲಿ. ಆದರೂ ಕೈಯಲ್ಲಿ ಹಿಡಿದು ತೋರಿಸಲು ಒಂದು ಕಾಗದ.

ನಿಮ್ಮ ಹೋರಾಟದವರು ಕೇಳಬೇಕಾದ್ದೂ ಇಂಥದ್ದನ್ನೇ ಅನ್ನುವುದು ನನ್ನ ಅಭಿಪ್ರಾಯ. ಒಬ್ಬೊಬ್ಬರ ಎಕರೆಗೆ ಒಂದೊಂದು ಅರ್ಜಿ ಹಾಕುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಮುಳುಗಡೆಯ ಎಲ್ಲ ಊರುಗಳನ್ನು ಒಟ್ಟಿಗೆ ಅಳತೆ ಮಾಡಿ, ಒಂದೇ ಕಡತ ಮಾಡಿ, ಕೇಂದ್ರದ ಮುಂದೆ ಒಂದೇ ಸಲ ಇಡಬೇಕು. ಬೈಲಕುಪ್ಪೆಯಲ್ಲಿ ಸಾಧ್ಯವಾದದ್ದು ಹೀಗೆ ಊರನ್ನು ಒಟ್ಟಿಗೇ ನೋಡಿದ್ದರಿಂದ. ಈಗ ರಾಜ್ಯ ತಾನೊಬ್ಬನೇ ಡಿನೋಟಿಫಿಕೇಶನ್, ಅಂದರೆ ಕಾಡಿನ ದಾಖಲೆಯಿಂದ ಜಾಗ ಕೈಬಿಡುವ ಆದೇಶ, ಮಾಡಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಾಗೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಹಾರ ಹಾಕಿಸಿಕೊಂಡು ಹೋದರೆ ಪಟಾಕಿ ಹೊಡೆಯಬೇಡಿ.

ನೀವು ನಿಮ್ಮ ಮಟ್ಟಿಗೆ ಈಗ ಮಾಡಬೇಕಾದ್ದು ಇಷ್ಟು. ಅಜ್ಜನ ಹೆಸರಿನಲ್ಲಿ ಪರಿಹಾರ ಕೊಟ್ಟ ಹಳೇ ಆದೇಶ ಮನೆಯಲ್ಲಿ ಇದೆಯಾ ಹುಡುಕಿ. ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ ಸಿಕ್ಕಿದ್ದು ನಾನು ಕಂಡಿದ್ದೇನೆ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಭೂಸ್ವಾಧೀನದ ದಾಖಲೆ ಕೇಳಿ. ಕೇಳುವಾಗ ಈಗಿನ ಊರಿನ ಹೆಸರು ಬರೆದರೆ ಏನೂ ಸಿಗುವುದಿಲ್ಲ, ಮುಳುಗಿದ ಊರಿನ ಹೆಸರು, ಹೋಬಳಿ, ಸರ್ವೆ ನಂಬರು ಬೇಕು. ಆ ಊರಿನ ಹೆಸರು ಈಗಿನ ನಕ್ಷೆಯಲ್ಲಿ ಇರುವುದಿಲ್ಲ. ಅಜ್ಜಿ ಇದ್ದಾರೆ ಅಂದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ, ಗದ್ದೆಗೆ ಏನು ಹೆಸರಿತ್ತು, ಪಕ್ಕದ ಮನೆಯವರು ಯಾರು, ಲಾರಿ ಬಂದ ತಿಂಗಳು ಯಾವುದು, ಎಲ್ಲ.